ನಾಯಿ ಅಂಗಳದ ತುಂಬಾ ಗುಂಡಿ ತೋಡುತ್ತಿದೆ, ಬಿಡಿಸುವುದು ಹೇಗೆ?

ಗುಲಾಬಿಪಾತಿ

ಎಲ್ಲರಿಗೂ ನಮಸ್ಕಾರ. ನಮ್ಮ ನಾಯಿ ಬ್ರೌನಿ, ಗಂಡು, ಒಂದೂವರೆ ವರ್ಷ. ಇಂಥದ್ದೇ ತಳಿ ಅಂತಿಲ್ಲ, ಮಿಶ್ರ. ಮನೆಯೊಳಗೆ ಒಂದು ಚಪ್ಪಲಿಯನ್ನೂ ಮುಟ್ಟುವುದಿಲ್ಲ. ಅಂಗಳಕ್ಕೆ ಬಿಟ್ಟರೆ ಸಾಕು, ಮುಂಗಾಲು ಎರಡೂ ಹಾಕಿ ನೆಲ ಬಗೆಯಲು ಶುರು. ಹೊಸದಾಗಿ ನೆಟ್ಟ ಗುಲಾಬಿ ಬೇರು ಸಮೇತ ಮೇಲೆ ಬಂದಿದೆ. ಹುಲ್ಲಿನ ಗತಿ ಕೇಳಲೇಬೇಡಿ. ಮುಚ್ಚಿದ ಗುಂಡಿಯನ್ನೇ ಮರುದಿನ ಮತ್ತೆ ತೆಗೆಯುತ್ತಾನೆ. ಬೈದರೆ ಕಿವಿ ಇಳಿಬಿಟ್ಟು ಮೂಲೆ ಸೇರುತ್ತಾನೆ. ನಾವು ಒಳಗೆ ಹೋದ ಕೂಡಲೇ ಮತ್ತೆ ಅದೇ ಕೆಲಸ.

ಮನೆಯಲ್ಲಿ ಎಲ್ಲರೂ ಕಟ್ಟಿ ಹಾಕು ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಅನುಭವ ಇರುವವರು ದಾರಿ ಹೇಳಿ.

ಮೂಲೆಮನೆ

ತುಂಬಾ ಸುಲಭ ಸರ್. ಗುಂಡಿ ತೆಗೆಯುವ ಜಾಗದಲ್ಲಿ ಖಾರದ ಪುಡಿ ಉದುರಿಸಿ. ಒಂದು ಸಲ ಮೂಸಿದರೆ ಜನ್ಮದಲ್ಲಿ ಆ ಕಡೆ ಹೋಗಲ್ಲ. ಬಟ್ಟೆ ಪೆಟ್ಟಿಗೆಗೆ ಹಾಕುವ ನಾಫ್ತಲಿನ್ ಗುಳಿಗೆಯನ್ನೂ ಮಣ್ಣಲ್ಲಿ ಹೂತಿಡಬಹುದು. ಅದಕ್ಕೂ ಬಗ್ಗದಿದ್ದರೆ ಚೈನ್ ಇದೆಯಲ್ಲ.

ಪಶುವೈದ್ಯೆ

ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ನಾಯಿ ಮೂಗನ್ನು ನೆಲಕ್ಕೆ ಒತ್ತಿಕೊಂಡೇ ಅಗೆಯುತ್ತದೆ. ಖಾರದ ಪುಡಿ ಮೂಗಿಗೂ ಹೋಗುತ್ತದೆ, ಕಣ್ಣಿಗೂ ಹೋಗುತ್ತದೆ. ಆಮೇಲೆ ಅದೇ ಕಾಲಿನಿಂದ ಮುಖ ಉಜ್ಜಿಕೊಳ್ಳುತ್ತದೆ, ಉರಿ ಇನ್ನೂ ಹೆಚ್ಚುತ್ತದೆ. ಒಂದು ಮಳೆ ಬಂದರೆ ಪುಡಿಯೂ ಇಲ್ಲ, ಪಾಠವೂ ಇಲ್ಲ.

ನಾಫ್ತಲಿನ್ ಗುಳಿಗೆ ಅದಕ್ಕಿಂತ ಕೆಟ್ಟದ್ದು. ನುಂಗಿದರೆ ವಾಂತಿ ಆಗುತ್ತದೆ, ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಅಗೆಯುವ ನಾಯಿಗೆ ಹೂತಿಟ್ಟ ಗುಳಿಗೆ ಸಿಗುವುದಿಲ್ಲ ಅಂತ ಯಾವ ಧೈರ್ಯ ನಿಮಗೆ? ಕಾಫಿ ಚರಟವನ್ನೂ ಕೆಲವರು ಹಾಕುತ್ತಾರೆ. ಅದರಲ್ಲಿ ಉಳಿದ ಕೆಫೀನ್ ನಾಯಿಗೆ ವಿಷ. ನಿಂಬೆ ಸಿಪ್ಪೆ, ಕಿತ್ತಳೆ ಸಿಪ್ಪೆ ಆದರೆ ಅಂಥ ಅಪಾಯ ಇಲ್ಲ. ಆ ವಾಸನೆ ಬಹಳ ನಾಯಿಗಳಿಗೆ ಹಿಡಿಸುವುದಿಲ್ಲ. ಆದರೆ ಒಣಗಿದ ಮೇಲೆ ಅದರ ಕಥೆ ಮುಗಿಯಿತು.

ನೆಲಮಟ್ಟ

ಔಷಧಿ ಆಮೇಲೆ ನೋಡೋಣ, ಮೊದಲು ರೋಗ ಯಾವುದು ಅಂತ ಗೊತ್ತಾಗಬೇಕಲ್ಲ. ನಾನು ನಾಯಿಗಳಿಗೆ ತರಬೇತಿ ಕೊಡುವವನು. "ಗುಂಡಿ ತೋಡುತ್ತದೆ" ಅಂತ ಬಂದವರಿಗೆ ನಾನು ಕೇಳುವುದು ನಾಯಿಯ ಬಗ್ಗೆ ಕಡಿಮೆ, ಗುಂಡಿಯ ಬಗ್ಗೆ ಜಾಸ್ತಿ. ಹೋಗಿ ನೋಡಿ ಬಂದು ಹೇಳಿ:

ಗುಂಡಿಗಳು ಎಲ್ಲೆಲ್ಲಿ ಇವೆ? ಗೋಡೆ ಪಕ್ಕವೋ, ಗಿಡದ ಬುಡವೋ, ಗೇಟಿನ ಹತ್ತಿರವೋ, ನಟ್ಟನಡುವೆಯೋ? ಅಗಲವಾಗಿ ತಟ್ಟೆಯ ಹಾಗಿವೆಯೋ, ಕಿರಿದಾಗಿ ಆಳಕ್ಕೆ ಹೋಗಿವೆಯೋ? ಯಾವ ಹೊತ್ತಿನಲ್ಲಿ ತೋಡುತ್ತಾನೆ? ತೋಡಿದ ಮೇಲೆ ಏನು ಮಾಡುತ್ತಾನೆ, ಅಲ್ಲೇ ಮಲಗುತ್ತಾನಾ, ಮೂಗು ತೂರಿಸಿ ಹುಡುಕುತ್ತಾನಾ, ಬಿಟ್ಟು ಇನ್ನೊಂದು ಕಡೆ ಹೋಗುತ್ತಾನಾ? ಅಂಗಳದಲ್ಲಿ ಒಬ್ಬನೇ ಎಷ್ಟು ಹೊತ್ತು ಇರುತ್ತಾನೆ? ಕೊನೆಯದು, ಮರಿಯಾಗದ ಹಾಗೆ ಮಾಡುವ ಆಪರೇಷನ್ ಆಗಿದೆಯಾ?

ಗುಲಾಬಿಪಾತಿ

ಸರ್ ಅಲ್ಲ, ಮೇಡಂ :) ಹೋಗಿ ನೋಡಿ ಬಂದೆ. ಎಲ್ಲಾ ಒಂದೇ ಥರ ಇರುತ್ತವೆ ಅಂದುಕೊಂಡಿದ್ದೆ, ಇಲ್ಲ.

ಉತ್ತರದ ಗೋಡೆ ಪಕ್ಕ ಎರಡಿವೆ. ಅಗಲ, ಒಂದು ಗೇಣೂ ಆಳವಿಲ್ಲ. ಸರಿಯಾಗಿ ಅವನ ಮೈಯಷ್ಟೇ ಉದ್ದ. ಮಧ್ಯಾಹ್ನ ಅಲ್ಲೇ ಹೊಟ್ಟೆ ಅಂಟಿಸಿ ಮಲಗುತ್ತಾನೆ.

ಗುಲಾಬಿ ಪಾತಿಯಲ್ಲಿ ಇರುವುದು ಕಿರಿದು, ಆಳ. ಅಲ್ಲಿ ಮೂಗು ಪೂರ್ತಿ ಒಳಗೆ ಹಾಕಿ ಸುಯ್ ಸುಯ್ ಅಂತ ಎಳೆದುಕೊಳ್ಳುತ್ತಾನೆ. ಒಂದೆರಡು ಸಲ ಮಣ್ಣನ್ನೇ ನೆಕ್ಕುತ್ತಿದ್ದ.

ಹುಲ್ಲಿನ ಮೇಲಿರುವವಕ್ಕೆ ಲೆಕ್ಕವಿಲ್ಲ, ಗೊತ್ತುಗುರಿಯಿಲ್ಲ. ಅಲ್ಲಿ ಇಲ್ಲಿ ಸ್ವಲ್ಪ ಸ್ವಲ್ಪ ಕೆದರಿ ಬಿಟ್ಟಿದ್ದಾನೆ. ಅದೆಲ್ಲ ನಾವು ಕೆಲಸಕ್ಕೆ ಹೋದಾಗ. ಬೆಳಗ್ಗೆಯಿಂದ ಸಂಜೆವರೆಗೆ ಅಂಗಳದಲ್ಲಿ ಒಬ್ಬನೇ. ಗೇಟಿನ ಹತ್ತಿರ ಏನೂ ಇಲ್ಲ. ಆಪರೇಷನ್ ಆಗಿದೆ.

ನೆಲಮಟ್ಟ

ನೋಡಿ ಮೇಡಂ, ನಿಮ್ಮದು ಒಂದು ಸಮಸ್ಯೆ ಅಲ್ಲ, ಮೂರು. ಅದಕ್ಕೇ ಒಂದೇ ಮದ್ದು ಕೆಲಸ ಮಾಡುವುದಿಲ್ಲ.

ಗೋಡೆ ಪಕ್ಕದ್ದು ಸೆಕೆಗೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು ಬೆವರುತ್ತದೆ, ಅಷ್ಟೇ. ಉಳಿದ ಬಿಸಿಯನ್ನು ನಾಲಗೆ ಹೊರಹಾಕಿ ಏದುಸಿರು ಬಿಟ್ಟೇ ಕಳೆಯಬೇಕು. ಮೇಲಿನ ಬಿಸಿ ಮಣ್ಣು ಕೆದರಿ ತಣ್ಣನೆಯ ಮಣ್ಣಿಗೆ ಹೊಟ್ಟೆ ತಾಗಿಸಿ ಮಲಗುವುದು ಅವನಿಗೆ ಗೊತ್ತಿರುವ ಉಪಾಯ. ಹೊಟ್ಟೆಯ ಕಡೆ ಕೂದಲು ತೆಳ್ಳಗೆ, ತಂಪು ಬೇಗ ತಾಗುತ್ತದೆ. ಇದಕ್ಕೆ ಬೈದು ಏನು ಸುಖ? ಆ ಹೊತ್ತಿಗೆ ಒಳಗೆ ಕರೆದುಕೊಳ್ಳಿ. ಆಗದಿದ್ದರೆ ಗಾಳಿಯಾಡುವ ನೆರಳು ಮಾಡಿ. ನೆಲದಿಂದ ಸ್ವಲ್ಪ ಮೇಲಿರುವ, ಬಟ್ಟೆ ಬಿಗಿದ ಮಂಚ ಸಿಗುತ್ತದಲ್ಲ, ಅದು ಒಳ್ಳೆಯದು, ಅಡಿಯಿಂದಲೂ ಗಾಳಿ ಬರುತ್ತದೆ. ನೀರಿನ ಬಟ್ಟಲು ಉರುಳದ ಹಾಗಿರಲಿ. ಒಂದು ಅಗಲ ತೊಟ್ಟಿಯಲ್ಲಿ ಗೇಣುದ್ದ ನೀರು ಇಟ್ಟರೆ ಕೆಲವು ನಾಯಿಗಳು ಅದರಲ್ಲೇ ಕೂರುತ್ತವೆ.

ಹುಲ್ಲಿನ ಮೇಲಿನದ್ದು ಬೇಜಾರಿಗೆ. ಒಂದೂವರೆ ವರ್ಷದ ನಾಯಿ ಅಂದರೆ ಹರೆಯ, ಮೈಯಲ್ಲಿ ಕಸುವು ಉಕ್ಕುತ್ತಿರುತ್ತದೆ. ದೊಡ್ಡ ಅಂಗಳ ಇದೆ, ಅವನೇ ಓಡಾಡಿಕೊಳ್ಳುತ್ತಾನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಓಡಾಡುವುದಿಲ್ಲ. ದಿನಾ ನೋಡುವ ಜಾಗದಲ್ಲಿ ಹೊಸ ವಾಸನೆ ಇಲ್ಲ, ಹೊಸ ಜೀವ ಇಲ್ಲ. ಕಾಲಡಿಯ ಮಣ್ಣಿನಲ್ಲಿ ಮಾತ್ರ ಅಗೆದಷ್ಟೂ ಹೊಸದು ಸಿಗುತ್ತದೆ.

ಗುಲಾಬಿ ಪಾತಿಯ ಬಗ್ಗೆ ನನಗೆ ಅನುಮಾನ ಇದೆ. ಗೊಬ್ಬರ ಏನು ಹಾಕಿದ್ದೀರಿ?

ಗುಲಾಬಿಪಾತಿ

ನೆಡುವಾಗ ಬೋನ್ ಮೀಲ್ ಹಾಕಿದ್ದೇವೆ. ಗುಲಾಬಿಗೆ ಒಳ್ಳೆಯದು ಅಂತ ನರ್ಸರಿಯವರು ಹೇಳಿದರು.

ಕೈತೋಟಿ

ಹಾಗಾದರೆ ನಾಯಿಯದ್ದೇನೂ ತಪ್ಪಿಲ್ಲ ಬಿಡಿ. ಮೂಳೆ ಪುಡಿಯನ್ನು ಮಣ್ಣಲ್ಲಿ ಹೂತು ನಾಯಿಗೆ ಹುಡುಕಬೇಡ ಅಂದರೆ ಹೇಗೆ? ಬೋನ್ ಮೀಲ್, ರಕ್ತದ ಪುಡಿ, ಮೀನಿನ ಗೊಬ್ಬರ, ಈ ಮೂರೂ ನಾಯಿಯ ಮೂಗಿಗೆ ಊಟವೇ. ಬೋನ್ ಮೀಲ್ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಗಟ್ಟಿ ಉಂಡೆ ಕಟ್ಟುವ ಭಯವೂ ಇದೆ. ಕಾಂಪೋಸ್ಟಿಗೆ ಬದಲಾಯಿಸಿ. ಅದರಲ್ಲೂ ಅಡುಗೆಮನೆ ಕಸ ಪೂರ್ತಿ ಕೊಳೆತು, ವಾಸನೆ ಹೋಗಿ ಮಣ್ಣಾಗಿರಬೇಕು.

ಎಲ್ಲರೂ ನೆನಪಿಡಬೇಕಾದ್ದು ಇನ್ನೊಂದಿದೆ. ಹರಳು ಹಿಂಡಿ. ಸಾವಯವ ಗೊಬ್ಬರ ಅಂತ ಕಣ್ಣು ಮುಚ್ಚಿ ಹಾಕುತ್ತಾರೆ. ಹರಳಿನಲ್ಲಿ ರೈಸಿನ್ ಅನ್ನುವ ಭಯಂಕರ ವಿಷ ಇದೆ. ಸರಿಯಾಗಿ ಬಿಸಿ ಮಾಡಿ ಅದನ್ನು ತೆಗೆಯದ ಹಿಂಡಿಯಲ್ಲಿ ಹಾಗೇ ಉಳಿದಿರುತ್ತದೆ. ಅದರ ರುಚಿ ನಾಯಿಗಳಿಗೆ ಇಷ್ಟವಾಗುವುದು ಇನ್ನೊಂದು ಕಷ್ಟ. ನಾಯಿ ಇರುವ ಮನೆಗೆ ಅದು ಬೇಡವೇ ಬೇಡ.

ನೆಡುವಾಗ ಬ್ರೌನಿ ಪಕ್ಕದಲ್ಲೇ ಇದ್ದನಾ? ಇದ್ದೇ ಇರುತ್ತಾನೆ. ನೀವು ಕೂತು ಗುದ್ದಲಿಯಿಂದ ಅಗೆದು, ಏನೋ ಒಳಗಿಟ್ಟು, ಮುಚ್ಚಿ ತಟ್ಟುವುದನ್ನು ನೋಡಿದ್ದಾನೆ. ಮೇಲಾಗಿ ಅಲ್ಲಿ ನಿಮ್ಮ ಕೈಯ ವಾಸನೆ. ಸಡಿಲ ಮಣ್ಣು ಬೇರೆ, ಅಗೆಯಲು ಕಷ್ಟವೂ ಇಲ್ಲ. ಇನ್ನು ಮುಂದೆ ನೆಡುವಾಗ ಅವನು ಒಳಗಿರಲಿ. ನೆಟ್ಟ ಮೇಲೆ ಬುಡದ ಸುತ್ತ ಅವನಿಗೆ ಅಲ್ಲಾಡಿಸಲಾಗದ ಕಲ್ಲುಗಳನ್ನು ಜೋಡಿಸಿ, ನಡುವೆ ನೀರು ಇಳಿಯುವಷ್ಟು ಸಂದು ಬಿಟ್ಟರೆ ಸಾಕು. ಸಣ್ಣ ಜಲ್ಲಿ ಬೇಡ, ಅದನ್ನು ಕೆದರುವುದು ಇನ್ನೂ ಮಜಾ ಅವಕ್ಕೆ.

ಸುಮ್ನೆಓದುಗ

ನಮ್ಮ ನಾಯಿ ಹೊರಗೆ ಹೋಗಿ ಬಂದ ಮೇಲೆ ಹಿಂಗಾಲಿನಿಂದ ಹುಲ್ಲು ಹಾರಿಸುತ್ತದೆ. ಅದೂ ಇದೇನಾ?

ನೆಲಮಟ್ಟ

ಅಲ್ಲ. ಅದು ಗುರುತು ಹಾಕುವುದು. ಪಾದದಲ್ಲಿ ವಾಸನೆಯ ಗ್ರಂಥಿಗಳಿವೆ, ಕೆರೆದಾಗ ಆ ವಾಸನೆ ನೆಲಕ್ಕೆ ಹತ್ತುತ್ತದೆ. ನಾಲ್ಕು ಸಲ ಒದ್ದು ಮುಂದೆ ಹೋಗುತ್ತದೆ. ಬಿಟ್ಟುಬಿಡಿ.

ಹಳೇಕಾಲ

ಎಲ್ಲಾ ಸರಿ, ಆದರೆ ನೀವೆಲ್ಲ ನಾಯಿಯನ್ನು ತಲೆ ಮೇಲೆ ಕೂರಿಸುತ್ತಿದ್ದೀರಿ. ಮೇಡಂ ಅವರೇ ಬರೆದಿದ್ದಾರೆ ನೋಡಿ, ಬೈದರೆ ಕಿವಿ ಇಳಿಬಿಟ್ಟು ಮೂಲೆ ಸೇರುತ್ತದೆ ಅಂತ. ತಪ್ಪು ಮಾಡಿದ್ದು ಅದಕ್ಕೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮಾಡುತ್ತದೆ ಅಂದರೆ ಶಿಕ್ಷೆ ಸಾಲಲಿಲ್ಲ ಅಂತ ತಾನೇ? ಗುಂಡಿ ಹತ್ತಿರ ಎಳೆದುಕೊಂಡು ಹೋಗಿ ಮೂಗು ಒತ್ತಿ ಎರಡು ಬಿಡಬೇಕು. ನಾವು ಹಾಗೇ ನಾಯಿ ಸಾಕಿದ್ದು.

ನೆಲಮಟ್ಟ

ಹಿರಿಯರು ಅಂತ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಆ ಮುಖದ ಅರ್ಥ ಅದಲ್ಲ.

ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಪ್ರಯೋಗ, 14 ಸಾಕುನಾಯಿಗಳ ಮೇಲೆ. ಯಜಮಾನರು ನಾಯಿಗೆ ತಿನಿಸು ತೋರಿಸಿ, ತಿನ್ನಬೇಡ ಅಂತ ಹೇಳಿ ಕೋಣೆಯಿಂದ ಹೊರಗೆ ಹೋಗಬೇಕು. ಬಂದ ಮೇಲೆ ನಾಯಿ ತಿಂದಿದೆ ಅಂತ ಹೇಳಿದರೆ ಬೈಯಬೇಕು. ಇಲ್ಲಿ ಒಂದು ಕಿತಾಪತಿ ಇತ್ತು. ನಾಯಿ ತಿಂದಿರದಿದ್ದರೂ ಕೆಲವು ಸಲ ತಿಂದಿದೆ ಅಂತಲೇ ಯಜಮಾನರಿಗೆ ಹೇಳುತ್ತಿದ್ದರು. ಆ ತಪ್ಪಿತಸ್ಥ ಮುಖ ಯಾವಾಗ ಜಾಸ್ತಿ ಕಂಡಿತು ಗೊತ್ತಾ? ಬೈದಾಗ. ತಿಂದಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧವೇ ಇರಲಿಲ್ಲ. ತಿನ್ನದೇ ಬೈಸಿಕೊಂಡ ನಾಯಿಗಳ ಮುಖ ಇನ್ನೂ ಬಾಡಿತ್ತು.

ಬೆಳಗ್ಗೆ ತೋಡಿದ ಗುಂಡಿಗೆ ಸಂಜೆ ಹೊಡೆದರೆ ನಾಯಿ ಕಲಿಯುವುದು ಇಷ್ಟೇ: ಅಮ್ಮ ಸಂಜೆ ಬಂದರೆ ಏಟು ಬೀಳುತ್ತದೆ. ಗುಂಡಿಯನ್ನೂ ಏಟನ್ನೂ ಅದು ಜೋಡಿಸುವುದಿಲ್ಲ. ಕೆಲವು ನಾಯಿಗಳು ಆ ಹೆದರಿಕೆಗೇ ಇನ್ನಷ್ಟು ಅಗೆಯುತ್ತವೆ.

ಹಳೇಕಾಲ

ಕಣ್ಣೆದುರೇ ತೋಡುವಾಗ?

ನೆಲಮಟ್ಟ

ಆಗ ಕರೆಯಿರಿ. ಚಪ್ಪಾಳೆ ತಟ್ಟಿ, ಹೆಸರು ಹಿಡಿದು ಕೂಗಿ, ಬಂದರೆ ಖುಷಿಯಿಂದ ಮಾತಾಡಿಸಿ ಬೇರೆ ಕೆಲಸಕ್ಕೆ ಹಚ್ಚಿ. ಕರೆದು ಬಂದ ನಾಯಿಗೆ ಹೊಡೆದರೆ ಮುಂದೆ ಕರೆದಾಗ ಬರುವುದೂ ನಿಲ್ಲುತ್ತದೆ. ಹೊಡೆದು ನಿಲ್ಲಿಸಿದರೆ ನಿಮ್ಮೆದುರು ಮಾತ್ರ ನಿಲ್ಲಿಸುತ್ತದೆ ಸರ್. ಮೇಡಂ ಹೇಳಿದ್ದೂ ಅದೇ, ಒಳಗೆ ಹೋದ ಕೂಡಲೇ ಮತ್ತೆ ಶುರು ಅಂತ.

ಹಳೇಕಾಲ

ನನ್ನ ಕಾಲದ ನಾಯಿಗಳು ಹೊಡೆತ ತಿಂದು ಸರಿಯಾಗಿಯೇ ಇದ್ದವು. ನೀವು ಓದಿಕೊಂಡಿದ್ದೀರಿ, ಆಯ್ತು.

ಮೂರುಬಾಲ

ನಮ್ಮ ಮನೆಯಲ್ಲಿ ಮೂರು ನಾಯಿಗಳು, ಅದರಲ್ಲಿ ಒಂದು ಡ್ಯಾಷ್‌ಹೌಂಡ್. ಜರ್ಮನಿಯಲ್ಲಿ ನೆಲದೊಳಗಿನ ಬಿಲಕ್ಕೆ ನುಗ್ಗಿ ಬ್ಯಾಜರ್ ಅನ್ನುವ ಪ್ರಾಣಿಯನ್ನು ಹಿಡಿಯಲಿ ಅಂತಲೇ ಬೆಳೆಸಿದ ತಳಿ. ಟೆರಿಯರ್‌ಗಳೂ ಅಷ್ಟೇ, ನರಿ, ಇಲಿ ಹಿಂದೆ ಬಿಲಕ್ಕೆ ಹೋಗುವ ಕೆಲಸದವು. ನೂರಾರು ವರ್ಷ ಅಗೆಯುವವನ್ನೇ ಆರಿಸಿ ಆರಿಸಿ ಮರಿ ಮಾಡಿಸಿ, ಈಗ ಅಗೆಯಬೇಡ ಅಂದರೆ ಎಲ್ಲಿ ಕೇಳುತ್ತವೆ? ಅದಕ್ಕೆ ನಾವು ನಿಲ್ಲಿಸುವ ಆಸೆ ಬಿಟ್ಟು ಅವಕ್ಕೊಂದು ಜಾಗ ಮಾಡಿಕೊಟ್ಟೆವು. ಅಗೆಯುವ ಗುಂಡಿ. ಅಂಗಳದ ಉಳಿದ ಭಾಗ ಈಗ ನಮ್ಮದು.

ಗುಲಾಬಿಪಾತಿ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ? ಎಷ್ಟು ದೊಡ್ಡದು, ಮಣ್ಣೋ ಮರಳೋ?

ಮೂರುಬಾಲ

ನಾಯಿ ಉದ್ದಕ್ಕೆ ಮಲಗಿದರೆ ಎಷ್ಟು ಜಾಗ ಬೇಕೋ ಅದಕ್ಕಿಂತ ಚೂರು ದೊಡ್ಡದು. ಆಳ ಒಂದರಿಂದ ಎರಡು ಅಡಿ. ಬರೀ ಮರಳು ಹಾಕಿದರೆ ನೀರು ನಿಲ್ಲುವುದಿಲ್ಲ, ಮೈಗೆ ಕೆಸರೂ ಮೆತ್ತುವುದಿಲ್ಲ. ಆದರೆ ಮಣ್ಣಿನ ರುಚಿ ಹತ್ತಿದ ನಾಯಿ ಬರೀ ಮರಳನ್ನು ಕೆಲವು ಸಲ ಒಪ್ಪುವುದಿಲ್ಲ. ನಾವು ಎರಡೂ ಕಲಸಿದೆವು. ಸುತ್ತ ಮರದ ದಿಮ್ಮಿ ಅಥವಾ ಇಟ್ಟಿಗೆಯ ಅಂಚು ಇರಲಿ. ಇಲ್ಲಿಂದ ಇಲ್ಲಿವರೆಗೆ ನಿನ್ನದು ಅಂತ ನಾಯಿಗೂ ಕಾಣಬೇಕು. ನೆರಳಲ್ಲಿ ಮಾಡಿ. ಬ್ರೌನಿಗೆ ಗೋಡೆ ಪಕ್ಕವೇ ಇಷ್ಟ ಅಂದರೆ ಅಲ್ಲೇ ಮಾಡಬಹುದಲ್ಲ, ಅವನೇ ಜಾಗ ತೋರಿಸಿದ್ದಾನೆ.

ಮುಖ್ಯವಾದ ಕೆಲಸ ಆಮೇಲೆ ಇರುವುದು. ಬಹಳ ಜನ ಗುಂಡಿ ಮಾಡಿ, ನಾಯಿ ಅತ್ತ ತಿರುಗಿಯೂ ನೋಡಲಿಲ್ಲ ಅಂತ ಕೈಬಿಡುತ್ತಾರೆ. ಬರೀ ಮರಳಿನಲ್ಲಿ ಅದಕ್ಕೇನಿದೆ? ಮೊದಲು ಅವನ ಕಣ್ಣೆದುರೇ ಒಂದು ಆಟಿಕೆಯನ್ನು ಅರ್ಧ ಹೂಳಿ. ಅರ್ಧ ಹೊರಗೆ ಕಾಣುತ್ತಿರಲಿ. ಎಳೆದು ತೆಗೆದರೆ ಭೇಷ್ ಅನ್ನಿ. ಆಮೇಲೆ ಪೂರ್ತಿ ಮುಚ್ಚಿ, ಮೇಲೆ ಒಂದು ಪದರ ಮಾತ್ರ. ಆಮೇಲೆ ಆಳಕ್ಕೆ. ಆಮೇಲೆ ಅವನು ನೋಡದಾಗ ಹೂತಿಡಿ. ನಾನು "ಅಗೆ" ಅನ್ನುವ ಮಾತನ್ನೂ ಜೊತೆಗೆ ಕಲಿಸಿದೆ. ಬೇರೆ ಕಡೆ ಕಾಲು ಹಾಕಿದರೆ ಕರೆದುಕೊಂಡು ಬಂದು ಇಲ್ಲಿ "ಅಗೆ" ಅಂದರೆ ಆಯಿತು.

ಒಂದೇ ಕಡೆ ಹೂಳಬೇಡಿ, ಎರಡು ದಿನಕ್ಕೆ ಬೇಜಾರಾಗುತ್ತದೆ. ಕೆಲವು ದಿನ ಏನೂ ಇಡದೆ, ಕೆಲವು ದಿನ ಎರಡು ಮೂರು ಇಟ್ಟರೆ ಅವನೇ ದಿನಾ ಹೋಗಿ ಪರೀಕ್ಷೆ ಮಾಡುತ್ತಾನೆ. ರಾತ್ರಿ ಮುಚ್ಚಿಡಿ, ಇಲ್ಲದಿದ್ದರೆ ಬೀದಿಯ ಬೆಕ್ಕುಗಳೆಲ್ಲ ಅದನ್ನೇ ಶೌಚಾಲಯ ಮಾಡಿಕೊಳ್ಳುತ್ತವೆ.

ಮೂಲೆಮನೆ

ಇದು ನಾಯಿಗೆ ಅಗೆಯುವುದನ್ನು ನೀವೇ ಕಲಿಸಿಕೊಟ್ಟ ಹಾಗೆ ಆಯಿತಲ್ಲ?

ಮೂರುಬಾಲ

ಅಗೆಯುವುದು ಅದಕ್ಕೆ ಬಂದೇ ಬರುತ್ತದೆ ಸರ್. ನಾವು ಕಲಿಸುವುದು ಎಲ್ಲಿ ಅಂತ ಮಾತ್ರ. ನೆಲ ಬಗೆದರೆ ಅದಕ್ಕೆ ಆಗಲೇ ಖುಷಿ ಸಿಕ್ಕಿಬಿಡುತ್ತದೆ, ಬಹುಮಾನ ನಾವು ಕೊಡಬೇಕು ಅಂತಿಲ್ಲ. ಆ ಖುಷಿಯನ್ನು ಕಿತ್ತುಕೊಂಡು ಬದಲಿಗೆ ಏನೂ ಕೊಡದಿದ್ದರೆ ಅದು ಸೋಫಾ ಬಗೆಯುತ್ತದೆ. ಸೋಫಾಗಿಂತ ಮರಳು ಅಗ್ಗ.

ನೆಲಮಟ್ಟ

ಒಂದು ಮಾತು ಸೇರಿಸುತ್ತೇನೆ. ನೀವು ಮನೆಯಲ್ಲಿ ಇಲ್ಲದಾಗ ಬೇರೆ ಜಾಗಗಳಿಗೆ ಅಡ್ಡ ಕಟ್ಟಲೇಬೇಕು, ಕಡೇಪಕ್ಷ ಮೊದಲ ಕೆಲವು ವಾರ. ಗುಲಾಬಿ ಪಾತಿಯೂ ತೆರೆದಿದೆ, ಗುಂಡಿಯೂ ತೆರೆದಿದೆ ಅಂದರೆ ಅವನು ಎರಡೂ ಕಡೆ ಕೆಲಸ ಮಾಡುತ್ತಾನೆ.

ಹುಲ್ಲಿನ ವಿಷಯಕ್ಕೆ ಗುಂಡಿಯೊಂದೇ ಸಾಲದು. ಬೆಳಗ್ಗೆ ಹೊರಡುವ ಮುಂಚೆ ವಾಕಿಂಗ್ ಮಾಡಿಸಿ. ದೂರ ಎಷ್ಟು ಅನ್ನುವುದು ಅಷ್ಟು ಮುಖ್ಯ ಅಲ್ಲ, ಮೂಸಲು ಬಿಡಿ. ಒಂದು ಕಂಬದ ಹತ್ತಿರ ನಿಂತು ನಿಧಾನವಾಗಿ ಮೂಸುವ ನಾಯಿಯನ್ನು ನಾವು ದರದರ ಎಳೆದುಕೊಂಡು ಹೋಗುತ್ತೇವೆ, ಅಲ್ಲಿಗೆ ವಾಕಿಂಗಿನ ಅರ್ಧ ಪ್ರಯೋಜನ ಹೋಯಿತು. ಬೆಳಗಿನ ಊಟವನ್ನು ಬಟ್ಟಲಿಗೆ ಹಾಕಬೇಡಿ, ಒಣ ಆಹಾರವಾದರೆ ಹುಲ್ಲಿನ ಮೇಲೆ ಎರಚಿ, ಮೂಗಿನಿಂದ ಹುಡುಕಿ ತಿನ್ನಲಿ. ರಟ್ಟಿನ ಡಬ್ಬದೊಳಗೆ ಇಟ್ಟು ಮುಚ್ಚಿ ಕೊಡಿ. ಡಬ್ಬ ಹರಿದು ಚಿಂದಿ ಮಾಡುತ್ತಾನೆ, ಮಾಡಲಿ. ರಟ್ಟು ನುಂಗುವ ಅಭ್ಯಾಸ ಇದ್ದರೆ ಮಾತ್ರ ಬೇಡ.

ತೆಂಗಿನನೆರಳು

ಇಲ್ಲೇ ಕೇಳಬಹುದಾ? ನಮ್ಮದು ಹೆಣ್ಣು, ರಾಣಿ, ನಾಲ್ಕು ವರ್ಷ. ಯಾವತ್ತೂ ಅಗೆದವಳಲ್ಲ. ಈಗ ಸ್ವಲ್ಪ ದಿನದಿಂದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ದೊಡ್ಡ ಗುಂಡಿ ಮಾಡಿಕೊಂಡಿದ್ದಾಳೆ. ಒಳಗೆ ಬಂದರೆ ಹಾಸಿಗೆ ಕೆರೆಯುತ್ತಾಳೆ. ಒಂದು ಹಳೇ ಗೊಂಬೆಯನ್ನು ಬಾಯಲ್ಲಿ ಕಚ್ಚಿಕೊಂಡು ತಿರುಗುತ್ತಾಳೆ, ಮುಟ್ಟಲು ಹೋದರೆ ಗುರ್ ಅನ್ನುತ್ತಾಳೆ.

ಪಶುವೈದ್ಯೆ

ಕೊನೆಯ ಸಲ ಹೀಟಿಗೆ ಬಂದಿದ್ದು ಯಾವಾಗ?

ತೆಂಗಿನನೆರಳು

ಸುಮಾರು ಎರಡು ತಿಂಗಳ ಹಿಂದೆ.

ಪಶುವೈದ್ಯೆ

ಹಾಗಿದ್ದರೆ ಹುಸಿ ಬಸಿರು ಇರಬಹುದು. ಬೆದೆ ಮುಗಿದು ಆರೆಂಟು ವಾರಕ್ಕೆ ಕೆಲವು ಹೆಣ್ಣು ನಾಯಿಗಳಲ್ಲಿ ಹೀಗಾಗುತ್ತದೆ. ಗರ್ಭ ಇರುವುದಿಲ್ಲ, ಹಾರ್ಮೋನ್ ಮಾತ್ರ ಇದೆ ಅನ್ನುತ್ತಿರುತ್ತದೆ. ಮರಿ ಹಾಕಲು ಜಾಗ ಮಾಡುತ್ತಾಳೆ, ಗೊಂಬೆಯನ್ನು ಮರಿಯ ಹಾಗೆ ಕಾಯುತ್ತಾಳೆ. ಮೊಲೆ ಊದಿ ಹಾಲೂ ಬರಬಹುದು. ಹೆಚ್ಚಿನವರಲ್ಲಿ ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮೊಲೆ ಹಿಂಡಿ ನೋಡಬೇಡಿ, ಹಿಂಡಿದಷ್ಟೂ ಹಾಲು ಹೆಚ್ಚುತ್ತದೆ. ಗೊಂಬೆಯನ್ನು ಕೈಯಿಂದ ಕಿತ್ತುಕೊಳ್ಳಬೇಡಿ, ಕಚ್ಚಬಹುದು.

ಆದರೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಆ ಸಮಯದಲ್ಲಿ ಗಂಡು ನಾಯಿಯ ಜೊತೆ ಸೇರುವ ಅವಕಾಶ ಇತ್ತಾ? ನಾಯಿಯ ಬಸಿರು ಸುಮಾರು 63 ದಿನ. ನಿಮ್ಮ ಲೆಕ್ಕಕ್ಕೆ ಅದೂ ಸರಿಯಾಗಿ ಕೂರುತ್ತದೆ! ತಡ ಮಾಡದೆ ತೋರಿಸಿ. ಆಪರೇಷನ್ ಮಾಡಿಸುವ ಯೋಚನೆ ಇದ್ದರೆ ಈ ಲಕ್ಷಣ ಪೂರ್ತಿ ಹೋದ ಮೇಲೆ ಮಾಡಿಸಿ, ನಡುವೆ ಮಾಡಿಸಿದರೆ ಇದು ಇನ್ನೂ ಎಳೆಯುವ ಸಂಭವ ಇದೆ. ಆ ಗುಂಡಿಯನ್ನು ಸದ್ಯಕ್ಕೆ ಬಿಡಿ.

ಮಾವಿನಕೊಂಬೆ

ನಮ್ಮ ಕಡೆ ಎಲ್ಲರೂ ಹೇಳುವ ಒಂದು ಉಪಾಯ ಇದೆ, ನಾಯಿಯ ಮಲವನ್ನೇ ಗುಂಡಿಗೆ ಹಾಕಿ ಮುಚ್ಚುವುದು. ಮತ್ತೆ ಅಲ್ಲಿ ಅಗೆಯುವುದಿಲ್ಲ ಅಂತ. ಕೆಲವರಿಗೆ ಕೆಲಸ ಮಾಡಿದೆಯಂತೆ.

ಪಶುವೈದ್ಯೆ

ಆ ಒಂದು ಗುಂಡಿಗೆ ಕೆಲಸ ಮಾಡಬಹುದು. ನಾಯಿ ಒಂದು ಗಜ ಪಕ್ಕಕ್ಕೆ ಹೋಗಿ ಇನ್ನೊಂದು ತೋಡುತ್ತದೆ. ನನ್ನ ತಕರಾರು ಬೇರೆ. ನಾಯಿಯ ದುಂಡುಹುಳುವಿನ ಮೊಟ್ಟೆಗಳು ಮಲದಲ್ಲಿ ಹೊರಬಂದು, ಮಣ್ಣಿನಲ್ಲಿ ಎರಡು ಮೂರು ವಾರದಲ್ಲಿ ಬಲಿತು, ಆಮೇಲೆ ವರ್ಷಗಟ್ಟಲೆ ಬದುಕಬಲ್ಲವು. ಮಣ್ಣಾಡಿದ ಕೈಯನ್ನು ಬಾಯಿಗೆ ಹಾಕುವ ಮಕ್ಕಳಿಗೆ ಅದು ಹತ್ತುತ್ತದೆ, ಕಣ್ಣಿಗೂ ಹೋಗಬಹುದು. ದಿನಾ ಎತ್ತಿ ಬಿಸಾಡಬೇಕಾದ್ದನ್ನು ನಾವೇ ಹೂತು ಕಾಪಾಡುವುದು ಯಾಕೆ?

ಅಗೆಯುವ ನಾಯಿಗಳಿಗೆ ಜಂತುಹುಳುವಿನ ಔಷಧಿ ತಪ್ಪಿಸಲೇಬೇಡಿ.

ಬೇಲಿಯಾಚೆ

ನಮ್ಮವನು ತೋಡುವುದು ಬೇಲಿ ಬುಡದಲ್ಲಿ ಮಾತ್ರ. ತೂರಿ ಹೋಗುತ್ತಾನೆ. ಎರಡು ಸಲ ರಸ್ತೆಯಿಂದ ಹಿಡಿದು ತಂದಿದ್ದೇವೆ.

ನೆಲಮಟ್ಟ

ನಿಮ್ಮದು ಎಲ್ಲಕ್ಕಿಂತ ತುರ್ತು, ಗಾಡಿಗೆ ಸಿಕ್ಕರೆ ಮುಗಿಯಿತು. ಆಪರೇಷನ್ ಆಗಿರದಿದ್ದರೆ ಅದನ್ನು ಮೊದಲು ಯೋಚಿಸಿ, ಹತ್ತಿರದಲ್ಲಿ ಹೆಣ್ಣು ಹೀಟಿಗೆ ಬಂದರೆ ಗಂಡು ನಿಲ್ಲುವುದಿಲ್ಲ. ಒಂಟಿಯಾಗಿ ಬಿಟ್ಟಾಗ ಮಾತ್ರ ಬೇಲಿ ತೋಡಿ, ಜೊತೆಗೆ ಕೂಗಿ, ಜೊಲ್ಲು ಸುರಿಸುತ್ತಿದ್ದರೆ ಅದು ಒಂಟಿತನದ ಹೆದರಿಕೆ. ಅದಕ್ಕೆ ಬೇಲಿ ಭದ್ರ ಮಾಡಿದರೆ ಹೆದರಿಕೆ ಹೋಗುವುದಿಲ್ಲ, ಉಗುರು ಕಿತ್ತುಕೊಳ್ಳುತ್ತಾನೆ ಅಷ್ಟೇ. ಹೊರಗೆ ಏನಿದೆ ಅಂತ ನೋಡಲು ಹೋಗುವವನಾದರೆ ಬೇಲಿಯ ಕೆಲಸ ಸಾಕು.

ಕೆಲಸ ಹೀಗೆ: ಗಟ್ಟಿ ವೆಲ್ಡ್ ಮೆಶ್ ತಗೊಳ್ಳಿ. ಅದನ್ನು ನಡುವೆ ಮಡಚಿ, ಒಂದು ಭಾಗ ಬೇಲಿಗೆ ಕಟ್ಟಿ, ಇನ್ನೊಂದು ಭಾಗ ಅಂಗಳದ ಒಳಮುಖಕ್ಕೆ ನೆಲದ ಮೇಲೆ ಒಂದೂವರೆ ಎರಡು ಅಡಿ ಚಾಚಲಿ. ಮೇಲೆ ತೆಳ್ಳಗೆ ಮಣ್ಣು ಮುಚ್ಚಿ ಕಲ್ಲು ಇಡಿ. ನಾಯಿ ಬೇಲಿಯ ಬುಡಕ್ಕೇ ಬಂದು ಅಗೆಯುವುದು, ಅಲ್ಲಿ ಕಾಲಿಗೆ ತಂತಿ ಸಿಗುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ಕೊರೆಯುವ ಲೆಕ್ಕಾಚಾರ ಅವಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಗುಲಾಬಿಪಾತಿ

ಇಷ್ಟು ದಿನ ಬರೆದಿರಲಿಲ್ಲ, ಮಾಡಿ ನೋಡೋಣ ಅಂತ.

ಪಾತಿಯ ಮೇಲ್ಮಣ್ಣು ತೆಗೆದು ಬೇರೆ ಹಾಕಿದೆವು, ಸುತ್ತ ಕಲ್ಲು ಜೋಡಿಸಿದೆವು. ಅಲ್ಲಿಗೆ ಈಗಲೂ ಹೋಗಿ ಮೂಸುತ್ತಾನೆ, ಒಂದು ಕಲ್ಲನ್ನು ಕಾಲಿಂದ ತಟ್ಟಿ ನೋಡುತ್ತಾನೆ, ವಾಪಸ್ ಬರುತ್ತಾನೆ. ಮಧ್ಯಾಹ್ನ ವರಾಂಡಕ್ಕೆ ಬಿಡುತ್ತಿದ್ದೇವೆ, ಹಾಗಾಗಿ ಗೋಡೆ ಪಕ್ಕದ ಗುಂಡಿಯ ಸುದ್ದಿಯಿಲ್ಲ. ಅಗೆಯುವ ಗುಂಡಿಯಲ್ಲಿ ಮೊದಲು ಆಟಿಕೆಗೆ ಅವನು ಕ್ಯಾರೇ ಅನ್ನಲಿಲ್ಲ, ತಿನ್ನುವುದನ್ನು ಇಟ್ಟ ಮೇಲೆ ಹತ್ತಿದ. ಹುಲ್ಲು ಮಾತ್ರ ಪೂರ್ತಿ ಸರಿಹೋಗಿಲ್ಲ. ಮಳೆ ಬಂದ ಮರುದಿನ ಏನಾಗುತ್ತದೋ ಏನೋ, ಅಂಗಳಕ್ಕೆ ಹುಚ್ಚು ಹಿಡಿದವನ ಹಾಗೆ ಓಡಿ ಕೆದರುತ್ತಾನೆ. ಒಂದೇ ಮೂಲೆ.

ಕೈತೋಟಿ

ಮಳೆಗೆ ಮಣ್ಣು ಮೆತ್ತಗಾಗುತ್ತದೆ, ವಾಸನೆಯೂ ಏಳುತ್ತದೆ. ಆದರೆ ಒಂದೇ ಮೂಲೆ ಅಂದರೆ ಅಲ್ಲಿ ಏನೋ ಇದೆ. ಒಂದು ಕೆಲಸ ಮಾಡಿ, ಅಲ್ಲಿ ಒಂದು ಅಡಿ ಅಗಲ ಹುಲ್ಲನ್ನು ಗುದ್ದಲಿಯಿಂದ ಎತ್ತಿ ನೋಡಿ. ಬೇರಿಲ್ಲದೆ ಹುಲ್ಲು ಸಲೀಸಾಗಿ ಕೈಗೆ ಬಂದು, ಕೆಳಗೆ ಬೆಳ್ಳಗೆ ದಪ್ಪಗೆ, ಕೊಕ್ಕೆಯ ಹಾಗೆ ಮಡಚಿಕೊಂಡ, ಕಂದು ತಲೆಯ ಹುಳು ಕಂಡರೆ ಅದು ಗೊಣ್ಣೆ ಹುಳು. ದುಂಬಿಯ ಮರಿ, ಹುಲ್ಲಿನ ಬೇರು ತಿನ್ನುತ್ತದೆ. ಆಗ ಹುಲ್ಲು ಹಾಳಾಗಿದ್ದಕ್ಕೆ ಬ್ರೌನಿಯೊಬ್ಬನನ್ನೇ ದೂರುವ ಹಾಗಿಲ್ಲ.

ಗುಲಾಬಿಪಾತಿ

ಎತ್ತಿ ನೋಡಿದೆ. ಹುಳು ಇಲ್ಲ. ಗೋಡೆ ಸಂದಿನಲ್ಲಿ ಒಂದು ಬಿಲ ಇದೆ, ಮುಷ್ಟಿ ಹೋಗುವಷ್ಟು. ಬಾಯಲ್ಲಿ ಹೊಸ ಮಣ್ಣು. ಹೆಗ್ಗಣ ಅನ್ನುತ್ತಿದ್ದಾರೆ ಮನೆಯವರು. ಇಲಿ ಪಾಷಾಣ ಇಡೋಣ ಅಂತ ಹೊರಟಿದ್ದಾರೆ.

ಪಶುವೈದ್ಯೆ

ನಿಲ್ಲಿಸಿ! ಪಾಷಾಣ ಇಡಬೇಡಿ. ಈಗ ಸಿಗುವ ಬಹಳಷ್ಟು ಇಲಿ ವಿಷಗಳು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವಂಥವು, ಬ್ರೋಮಾಡಿಯೋಲೋನ್, ಬ್ರೋಡಿಫಾಕಮ್ ಹೀಗೆ. ನಾಯಿ ಅದನ್ನು ನೇರವಾಗಿ ತಿನ್ನಬಹುದು. ವಿಷ ತಿಂದು ಸತ್ತ ಹೆಗ್ಗಣವನ್ನು ಅಗೆದು ತಿಂದರೂ ಅಪಾಯ ಇದೆ, ಬ್ರೌನಿ ಅಗೆಯುವುದೇ ಅಲ್ಲಿ. ಲಕ್ಷಣ ಕೂಡಲೇ ಕಾಣುವುದಿಲ್ಲ, ಮೂರರಿಂದ ಐದು ದಿನ ಚೆನ್ನಾಗಿಯೇ ಇರುತ್ತದೆ. ಆಮೇಲೆ ಸುಸ್ತು, ಒಸಡು ಬಿಳಿಚುವುದು, ಕೆಮ್ಮು, ಒಳಗೊಳಗೇ ರಕ್ತಸ್ರಾವ. ತಿಂದಿದೆ ಅಂತ ಅನುಮಾನ ಬಂದ ಗಳಿಗೆಯಲ್ಲೇ ಕರೆತಂದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ಪೊಟ್ಟಣವನ್ನೂ ಜೊತೆಗೆ ತನ್ನಿ, ಯಾವ ವಿಷ ಅನ್ನುವುದರ ಮೇಲೆ ಚಿಕಿತ್ಸೆ ನಿಂತಿದೆ.

ಬೋನು ಇಡಿ, ನಾಯಿ ಮುಟ್ಟದ ಕಡೆ. ರಾತ್ರಿ ನಾಯಿ ಊಟದ ಬಟ್ಟಲು ಹೊರಗೆ ಉಳಿಯದಿರಲಿ, ಹೆಗ್ಗಣ ಬಂದಿರುವುದು ಅದಕ್ಕೇ ಇರಬಹುದು.

ಗುಲಾಬಿಪಾತಿ

ಬಟ್ಟಲು ಹೊರಗೇ ಇರುತ್ತಿತ್ತು. ಪಾಷಾಣ ವಾಪಸ್ ಕೊಟ್ಟು ಬೋನು ತರಲು ಹೇಳಿದೆ. ಬಿಲ ಮುಚ್ಚುವುದು ಯಾವಾಗ?

ಕೈತೋಟಿ

ಹೆಗ್ಗಣ ಸಿಕ್ಕ ಮೇಲೆ. ಬಿಲದ ಬಾಯಿಗೆ ಕಾಗದ ತುರುಕಿಡಿ, ಬೆಳಗ್ಗೆ ಅಲುಗಾಡಿರದಿದ್ದರೆ ಒಳಗೆ ಯಾರೂ ಇಲ್ಲ ಅಂತ. ಅಷ್ಟರವರೆಗೆ ಬ್ರೌನಿಯನ್ನು ಆ ಮೂಲೆಗೆ ಬಿಡಬೇಡಿ, ಕಾಗದ ಅವನೇ ಕಿತ್ತುಬಿಡುತ್ತಾನೆ. ಗೋಡೆ ಸಂದಿಗೆ ಬರೀ ಮಣ್ಣು ಹಾಕಬೇಡಿ. ಕಲ್ಲು ಚೂರು, ಒಡೆದ ಗಾಜು ಅಂತಾರೆ ಕೆಲವರು, ಗಾಜು ಬೇಡ, ನಾಯಿ ಕಾಲಿದೆ. ಜಲ್ಲಿ, ಸಿಮೆಂಟು.

ಬೇಲಿಯಾಚೆ

ಮೆಶ್ ತಂದೆ. ಕತ್ತರಿಸಿದ ಅಂಚು ಚೂಪಾಗಿದೆ, ಕಾಲಿಗೆ ಚುಚ್ಚುವುದಿಲ್ಲವಾ?

ನೆಲಮಟ್ಟ

ಚುಚ್ಚುತ್ತದೆ. ಅಂಚನ್ನು ಕಟಿಂಗ್ ಪ್ಲೇಯರ್‌ನಿಂದ ಕೆಳಮುಖವಾಗಿ ಪೂರ್ತಿ ಮಡಚಿ. ಮೆಶ್‌ನ ಕಣ್ಣಿನ ಅಳತೆಯನ್ನೂ ನೋಡಿಕೊಳ್ಳಿ, ಅವನ ಬೆರಳು ಒಳಗೆ ಹೋಗಿ ಸಿಕ್ಕಿಕೊಳ್ಳುವಷ್ಟು ದೊಡ್ಡದಾಗಿದ್ದರೆ ಬದಲಾಯಿಸಿಕೊಂಡು ಬನ್ನಿ. ಎರಡು ತುಂಡು ಸೇರುವಲ್ಲಿ ಒಂದರ ಮೇಲೊಂದು ಅರ್ಧ ಅಡಿ ಬರಲಿ, ತಂತಿಯಿಂದ ಬಿಗಿಯಿರಿ. ಅವನು ಮೊದಲು ಹುಡುಕುವುದು ಆ ಸಂದನ್ನೇ.